ಲೋಕಮ್ಮನ ಮಂದೆಯ ಹಾಲು

ತಾಳಗುಂದದ ಲೋಕಮ್ಮನ ಕುರಿಗಳು ಕಿವಿಗೆ ಓಲೆ ಹಾಕಿಸಿಕೊಂಡದ್ದು ೧೯೯೫ರ ಆಗಸ್ಟ್ ತಿಂಗಳಲ್ಲಿ. ಇಪ್ಪತ್ತಕ್ಕೆ ಹಳದಿ, ಇಪ್ಪತ್ತಕ್ಕೆ ನೀಲಿ. ಆ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ನಂಬರು ಬರೆದಿತ್ತು. ಲೋಕಮ್ಮನಿಗೆ ಓದಲು ಬರುತ್ತಿರಲಿಲ್ಲ. ತನ್ನ ಕುರಿಯನ್ನು ಗುರುತಿಸಲು ಅವಳಿಗೆ ನಂಬರು ಬೇಕಾಗಿಯೂ ಇರಲಿಲ್ಲ. ಕೆಮ್ಮಿದ್ದು ಬೋಳಿಯೋ ಕರಿಮೂತಿಯೋ ಎಂದು ತಿರುಗಿ ನೋಡದೆ ಹೇಳಬಲ್ಲವಳು.

"ಏನ್ ಲೋಕಕ್ಕ, ನಿನ್ ಕಿವೀಲಿ ಒಂದ್ ಓಲೆ ಇಲ್ಲ, ಕುರಿಗೆಲ್ಲ ಹಾಕಿಸ್ಕೊಂಡ್ಯಲ್ಲ," ಎಂದ ಪಶು ಆಸ್ಪತ್ರೆಯ ಕಾಂಪೌಂಡರ್ ಮಹಾಂತೇಶ, ಕೊನೆಯ ಬಿಲ್ಲೆಯನ್ನು ಒತ್ತುತ್ತ.

"ಅವನ್ನ ಇಸ್ಕೂಲಿಗೆ ಸೇರ್ಸಿದೀರಿ, ಅವಕ್ಕೆ ನಂಬರ್ ಬೇಕು. ನಂಗ್ಯಾಕೆ?" ಎಂದಳು ಲೋಕಮ್ಮ.

ಮಹಾಂತೇಶ ನಕ್ಕ. ಜೊತೆಗೆ ಬಂದಿದ್ದ ಹುಡುಗಿ ನಗಲಿಲ್ಲ, ಅವಳು ಬರೆದುಕೊಳ್ಳುತ್ತಿದ್ದಳು.

ಲೋಕಮ್ಮ ಹುಟ್ಟಿದ್ದು ಸೊರಬ ತಾಲ್ಲೂಕಿನಲ್ಲಿ, ಗುಡವಿಗೆ ಎರಡು ಮೈಲಿ ದೂರದ ಹಳ್ಳಿಯಲ್ಲಿ. ಹದಿನಾರಕ್ಕೆ ತಾಳಗುಂದದ ಕುರಿಗಾರರ ಮನೆಗೆ ಸೊಸೆಯಾಗಿ ಬಂದಳು. ಆಗ ಅಣ್ಣತಮ್ಮಂದಿರ ನಡುವೆ ಮುನ್ನೂರು ಕುರಿ ಇದ್ದವು. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಬಯಲುಸೀಮೆಯ ಕಡೆ ನಡೆಯುತ್ತಿದ್ದರು. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ತರುಬಿಸುತ್ತಿದ್ದರು. ಒಂದು ಹೊಲದಲ್ಲಿ ಎರಡು ರಾತ್ರಿ, ಇನ್ನೊಂದರಲ್ಲಿ ಮೂರು. ಗಂಡ ಕಲ್ಲಪ್ಪ ಹಾಗೆ ಹೋದ ಒಂದು ಬೇಸಿಗೆಯಲ್ಲಿ ಹರಿಹರದ ಆಚೆ ಹಾವು ಕಚ್ಚಿ ಸತ್ತ. ಮಕ್ಕಳಿರಲಿಲ್ಲ. ಮೈದುನ ಮಾಲತೇಶ ತನ್ನ ಪಾಲಿನ ಕುರಿ ಮಾರಿ ಜಮೀನು ಮಾಡಿದ, ಮೆಕ್ಕೆಜೋಳ ಹಾಕಿದ. ಅತ್ತಿಗೆ ಮೈದುನರ ನಡುವೆ ಜಗಳವಾಗಲಿಲ್ಲ. ಜಗಳವಾಗಿದ್ದರೆ ಮಾತಾದರೂ ಇರುತ್ತಿತ್ತು.

ಲೋಕಮ್ಮ ನಲವತ್ತು ಕುರಿ, ಎರಡು ಟಗರು ಉಳಿಸಿಕೊಂಡಳು. ಊರಿಂದ ಒಂದು ಮೈಲಿ ದೂರ, ಕೆರೆಯ ಮೇಲಂಚಿನಲ್ಲಿ ಅವಳ ಪಾಲಿಗೆ ಬಂದ ಕಲ್ಲುನೆಲವಿತ್ತು. ಅಲ್ಲಿ ಮುಳ್ಳುಬೇಲಿಯ ಹಟ್ಟಿ ಮಾಡಿ, ಪಕ್ಕದಲ್ಲಿ ಒಂದು ಹೆಂಚಿನ ಕೋಣೆ ಕಟ್ಟಿಸಿಕೊಂಡಳು. ಹಟ್ಟಿಯ ದಾರಿ ಬೇರೆಲ್ಲಿಗೂ ಹೋಗುತ್ತಿರಲಿಲ್ಲವಾದ್ದರಿಂದ ಯಾರೂ ಆ ದಾರಿಯಲ್ಲಿ ಬರುತ್ತಿರಲಿಲ್ಲ. ಶಾಸನದ ಕಂಬ ನೋಡಲು ದೂರದ ಊರುಗಳಿಂದ ಜನ ಬಂದು ಹೋಗುತ್ತಿದ್ದರು. ಅವರ ಕಾರುಗಳ ಧೂಳು ಲೋಕಮ್ಮನಿಗೆ ದೂರದಿಂದ ಕಾಣುತ್ತಿತ್ತು. ವಾರಕ್ಕೊಮ್ಮೆ ಸಂತೆಗೆ ಹೋದಾಗ ಅಂಗಡಿಯವನಿಗೆ ಹೇಳುವ ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎರಡು ಸಲ ಕೆಮ್ಮಿ, ಆಮೇಲೆ ಉಪ್ಪು ಕೇಳುತ್ತಿದ್ದಳು. ಅದಕ್ಕೆ ಕಾರಣ ಶೀತವೆಂದು ಅವಳೇ ನಂಬಿದ್ದಳು.

ಬರೆದುಕೊಳ್ಳುತ್ತಿದ್ದ ಹುಡುಗಿ ಬಿಂದುಶ್ರೀ. ಶಿಕಾರಿಪುರದ ವ್ಯಾಪಾರಸ್ಥರ ಮಗಳು. ಪಶುವೈದ್ಯ ಓದು ಮುಗಿಸಿ, ಮೇಲಿನ ಪದವಿಗೆ ಸಂಶೋಧನೆ ಮಾಡುತ್ತಿದ್ದಳು. ಇಪ್ಪತ್ತೈದು ವರ್ಷ, ದಪ್ಪ ಕನ್ನಡಕ, ಸುಮ್ಮನೆ ಮಾತು ಬೆಳೆಸುವವಳಲ್ಲ. ಎರಡು ಮಂದೆಗಳನ್ನು ಆರಿಸಿದ್ದಳು: ಗುಡವಿಯ ಹುಲಿಯಪ್ಪನದು ಒಂದು, ಲೋಕಮ್ಮನದು ಇನ್ನೊಂದು. ಗಬ್ಬದ ಕುರಿಗಳಿಗೆ ಚುಚ್ಚುವ ಮೊದಲು ಏನು ಮಾಡುತ್ತಿದ್ದೇನೆ ಎಂದು ತಿಳಿಸಿ ಹೇಳಿದಳು. ಹಾಗೆ ಹೇಳಬೇಕಾದ್ದು ಕರ್ತವ್ಯವೆಂದು ಅವಳು ತಿಳಿದಿದ್ದಳು.

"ನೋಡ್ರಿ ಲೋಕಮ್ಮ, ಮೈ ಬೆಳೆಯೋಕೆ ಒಂದು ಹಾರ್ಮೋನು ಇರುತ್ತೆ. ಅದು ಜಾಸ್ತಿ ಆಗದ ಹಾಗೆ ತಡೆಯೋಕೆ ಇನ್ನೊಂದು ಇರುತ್ತೆ. ಈ ಲಸಿಕೆ ಆ ತಡೆಯೋದರ ಮೇಲೆ. ಅದರ ಕೈ ಕಟ್ಟಿದ್ರೆ ತಾಯಿಗೆ ಹಾಲು ಜಾಸ್ತಿ ಆಗಬೇಕು, ಮರಿ ಬೇಗ ಬಲೀಬೇಕು."

"ದನದ ಮೂಗುದಾರ ಸಡ್ಲ ಬಿಟ್ಟಂಗೆ."

"ಹಾಗೇ ಅಂದ್ಕೊಳ್ರಿ."

"ಎಲ್ಲದಕ್ಕೂ ಹಾಕ್ತೀರೇನು?"

"ಇಲ್ಲ. ಅರ್ಧಕ್ಕೆ ಲಸಿಕೆ, ಅರ್ಧಕ್ಕೆ ಉಪ್ಪುನೀರು. ಯಾವುದಕ್ಕೆ ಯಾವುದು ಅಂತ ನಿಮಗೆ ಹೇಳೋ ಹಂಗಿಲ್ಲ."

"ಉಪ್ಪುನೀರು ಚುಚ್ಚಿದ್ರೆ ಏನ್ ಬರ್ತದೆ?"

"ಏನೂ ಬರಲ್ಲ. ಏನೂ ಬರಲ್ಲ ಅಂತ ನೋಡೋಕೇ ಚುಚ್ಚೋದು."

ಜೀಪು ಹೋದ ಮೇಲೆ ಲೋಕಮ್ಮ ಈ ಮಾತನ್ನು ನೆನೆದು ಗಟ್ಟಿಯಾಗಿ ನಕ್ಕಳು. ಕುರಿಗಳು ತಲೆಯೆತ್ತಿ ನೋಡಿದವು.

ಬಿಂದುಶ್ರೀ ಹಾಕಿಕೊಟ್ಟ ನಿಯಮಗಳನ್ನು ಲೋಕಮ್ಮ ಒಂದೂ ಬಿಡದೆ ಪಾಲಿಸಿದಳು. ಯಾವ ಕುರಿಗೂ ಬೇರೆ ಮೇವಿಲ್ಲ, ನಾಟಿ ಔಷಧಿಯಿಲ್ಲ, ಬೇರೆ ಮಂದೆಯ ಜೊತೆ ಸೇರಿಸುವುದಿಲ್ಲ, ಮೂರು ತಿಂಗಳು ಮರಿ ಮಾರುವುದಿಲ್ಲ, ಹಾಲು ಕರೆಯುವುದಿಲ್ಲ. ಹಿಂದೆ ತನ್ನ ಚಹಾಕ್ಕೆ ಒಂದಿಷ್ಟು ಕುರಿಹಾಲು ಕರೆದುಕೊಳ್ಳುತ್ತಿದ್ದವಳು ಈಗ ಬೆಲ್ಲದ ಕರಿಚಹಾ ಕುಡಿದಳು. ಅಕ್ಟೋಬರಿನಲ್ಲಿ ಕುರಿಗಳು ಈದವು. ಮೂವತ್ತೆಂಟು ಮರಿ ಉಳಿದವು, ಎರಡು ಬಣ್ಣದಲ್ಲೂ ಹತ್ತೊಂಬತ್ತು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಗುರುವಾರ ಜೀಪು ಬರತೊಡಗಿತು. ಹುಣಸೆಮರದ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿ, ಬಟ್ಟೆಯ ಜೋಲಿಯಲ್ಲಿ ಒಂದೊಂದೇ ಮರಿಯನ್ನು ಇಟ್ಟು ತೂಗುತ್ತಿದ್ದರು. ಹಾಲು ಅಳೆಯುವ ಬಗೆ ಲೋಕಮ್ಮನಿಗೆ ತುಂಬ ಹಿಡಿಸಿತು. ಬೆಳಗಿನಿಂದ ಮರಿಗಳನ್ನು ತಾಯಿಯಿಂದ ಬೇರೆ ಇಡುವುದು, ಹಸಿದ ಮರಿಯನ್ನು ತೂಗುವುದು, ಕುಡಿಯಲು ಬಿಡುವುದು, ಕುಡಿದ ಕೂಡಲೇ ಮತ್ತೆ ತೂಗುವುದು. ಹೆಚ್ಚಿದ ತೂಕವೇ ಹಾಲು.

"ಕರೀದೆ ಅಳ್ಯೋದು! ಇದು ನಮ್ಮ ಮಾವಂಗೆ ಗೊತ್ತಿದ್ರೆ ಹುಚ್ಚೇ ಹಿಡೀತಿತ್ತು," ಎಂದಳು.

ಅವಳು ಮರಿ ಹಿಡಿದುಕೊಡುವಳು, ಮಹಾಂತೇಶ ತೂಗುವನು, ಬಿಂದುಶ್ರೀ ಬರೆಯುವಳು. ಮಧ್ಯಾಹ್ನ ಮೂವರೂ ಹುಣಸೆಮರದ ಕೆಳಗೆ ರೊಟ್ಟಿ ತಿನ್ನುವರು. ಬಿಂದುಶ್ರೀ ಕೇಳುವ ಪ್ರಶ್ನೆಗಳೆಲ್ಲ ಕುರಿಯ ಬಗ್ಗೆಯೇ. ಇದರ ತಾಯಿ ಯಾವುದು, ಎಷ್ಟನೇ ಸೂಲು, ಹೋದ ವರ್ಷದ ಮರಿ ಏನಾಯಿತು. ಲೋಕಮ್ಮನ ತಲೆಯಲ್ಲಿದ್ದ ಮೂವತ್ತು ವರ್ಷದ ಸಂಗತಿಗಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಆ ಹುಡುಗಿ ಬರೆದುಕೊಂಡಳು, ಒಂದೆರಡು ಕಡೆ "ಇನ್ನೊಂದ್ಸಲ ಹೇಳ್ರಿ" ಎಂದಳು. ಮಾತನಾಡಿದ್ದನ್ನು ಇನ್ನೊಂದು ಸಲ ಹೇಳು ಎನ್ನಿಸಿಕೊಳ್ಳುವುದು ಲೋಕಮ್ಮನಿಗೆ ಹೊಸದು. ಗುರುವಾರದ ಹಿಂದಿನ ದಿನವೇ ಹಟ್ಟಿ ಗುಡಿಸುವುದು, ಕಲ್ಲಿನ ಮೇಲೆ ಕೂರಲು ಕಂಬಳಿ ಕೊಡವಿ ಇಡುವುದು ರೂಢಿಯಾಯಿತು. ಇದಕ್ಕೆ ಅವಳು ಯಾವ ಹೆಸರನ್ನೂ ಕೊಡಲಿಲ್ಲ.

ಲೋಕಮ್ಮನ ಸಂಜೆಯ ಒಂದು ಕೆಲಸವನ್ನು ಮಾತ್ರ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹಟ್ಟಿಯ ಬಾಗಿಲು ಹಾಕುತ್ತೇನೆ ಎಂದು ಯಾರಾದರೂ ಬಂದವರಿಗೆ ಹೇಳುತ್ತಾರೆಯೇ? ಮೇಯ್ದು ಬಂದ ಕುರಿಗಳು ಮರಿಗೆ ಹಾಲೂಡಿಸಿದ ಮೇಲೆ ಅವಳು ಒಂದೊಂದು ಮರಿಯ ಹೊಟ್ಟೆಯ ಕೆಳಗೂ ಕೈ ಹಾಕಿ ನೋಡುತ್ತಿದ್ದಳು. ಹೊಟ್ಟೆ ಬಿಗಿಯಾಗಿದ್ದರೆ ರಾತ್ರಿ ಮರಿ ಮುಚ್ಚಿಡುವ ಬುಟ್ಟಿಯೊಳಗೆ. ಸಡಿಲವಾಗಿದ್ದರೆ ಕೆಚ್ಚಲು ಇನ್ನೂ ತುಂಬಿದ್ದ ಕುರಿಯನ್ನು ಹುಡುಕಿ, ಅದರ ಹಿಂಗಾಲನ್ನು ತನ್ನ ಮೊಣಕಾಲಿನ ಸಂದಿಯಲ್ಲಿ ಸಿಕ್ಕಿಸಿಕೊಂಡು, ಪರರ ಮರಿಗೆ ಕುಡಿಸುತ್ತಿದ್ದಳು. ಆ ಮನೆತನದ ಕುರಿಗಾರರೆಲ್ಲ ಹಾಗೆಯೇ ಮಾಡುತ್ತಿದ್ದರು. ಮಂದೆಯ ಹಾಲು ಮಂದೆಯ ಮರಿಗಳಿಗೆ. ತಾಯಿ ಯಾವುದೆಂಬುದು ಬೆಳಗಿನ ಮಾತು, ಸಂಜೆಯದಲ್ಲ. ಗುಡವಿಯ ಹುಲಿಯಪ್ಪನ ಕಡೆಯವರು ಹಾಗೆ ಮಾಡುತ್ತಿರಲಿಲ್ಲ. ಬಿಂದುಶ್ರೀ ಓದಿದ ಪುಸ್ತಕಗಳಲ್ಲಿಯೂ ಅದು ಇರಲಿಲ್ಲ.

ಆ ವರ್ಷ ನೀಲಿ ಓಲೆಯವುಗಳ ಕೆಚ್ಚಲು ಸಂಜೆಯಾದರೂ ಬತ್ತುತ್ತಿರಲಿಲ್ಲ. ಲಸಿಕೆ ಯಾವುದಕ್ಕೆ ಬಿದ್ದಿದೆ ಎಂದು ಯಾರೂ ಹೇಳದೆ ಲೋಕಮ್ಮನಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಒಳ್ಳೆಯದೇ ಆಯಿತೆಂದುಕೊಂಡು ಹಳದಿ ಕುರಿಗಳ ಮರಿಗಳನ್ನು ತಂದು ನೀಲಿಗೆ ಹಚ್ಚಿದಳು. ಒಂದು ಮರಿಯೂ ಸೊರಗಲಿಲ್ಲ.

ಐದನೆಯ ತೂಕದ ದಿನ, ಡಿಸೆಂಬರಿನ ಕೊನೆಗೆ, ಬಿಂದುಶ್ರೀ ಬರೆದ ಹಾಳೆಯನ್ನು ಮೂರು ಸಲ ನೋಡಿದಳು.

"ಲೋಕಮ್ಮ, ಒಂದು ವಿಚಿತ್ರ ಆಗಿದೆ. ನಿಮ್ಮ ನೀಲಿ ಕುರಿಗಳು ಕಾಲುಪಾಲು ಹಾಲು ಜಾಸ್ತಿ ಕೊಡ್ತಾ ಇವೆ. ಆದ್ರೆ ಅವುಗಳ ಮರಿಗಳು ಹಳದಿ ಮರಿಗಳಷ್ಟೇ ತೂಗ್ತವೆ. ಗುಡವೀಲಿ ನೀಲಿ ಮರಿಗಳು ಒಂದೂವರೆ ಕೇಜಿ ಮುಂದಿದಾವೆ. ಇಲ್ಲಿ ಆ ಹಾಲು ಎಲ್ಲಿಗೆ ಹೋಯ್ತು?"

"ಎಲ್ಲಿಗ್ ಹೋಗ್ತದೆ ಮೇಡಂ, ಲೋಕಕ್ಕ ಕರ್ದು ಶಿರಾಳಕೊಪ್ಪದ ಹೋಟ್ಲಿಗೆ ಹಾಕ್ತಾಳೆ," ಎಂದ ಮಹಾಂತೇಶ. ತಮಾಷೆಗೆ ಹೇಳಿದ್ದು, ಆದರೆ ಬಿಂದುಶ್ರೀ ತಲೆಯೆತ್ತಿ ಲೋಕಮ್ಮನ ಮುಖ ನೋಡಿದಳು.

"ಹಾಲು ಮುಟ್ಟಿದ್ರೆ ಹೇಳಿಬಿಡ್ರಿ. ನಾನು ಬೈಯಲ್ಲ. ಆದ್ರೆ ಈ ಮಂದೆನ ಲೆಕ್ಕದಿಂದ ಬಿಡಬೇಕಾಗುತ್ತೆ, ನಮ್ಮ ಕೆಲಸ ಇಲ್ಲಿಗೆ ಮುಗಿಯುತ್ತೆ. ಮುಟ್ಟಿಲ್ಲ ಅಂದ್ರೆ, ಮುಂದಿನ ವರ್ಷ ಇದೇ ಮಂದೇಲಿ ಇನ್ನೊಂದ್ಸಲ ಮಾಡಿ ಅಂತ ಹೋದ ಸಲದ ಲೆಕ್ಕ ನೋಡಿ ನಮ್ಮ ಗೈಡ್ ಸರ್ ಹೇಳಿದಾರೆ."

ಬಿಂದುಶ್ರೀ ಪ್ರಶ್ನೆ ಮುಗಿಸುವ ಮೊದಲೇ ಲೋಕಮ್ಮನಿಗೆ ಉತ್ತರ ಗೊತ್ತಾಗಿತ್ತು. ಹಾಲು ಎಲ್ಲಿಗೆ ಹೋಯಿತು ಎಂದು ಅವಳ ಮೊಣಕಾಲಿಗೆ ಗೊತ್ತಿತ್ತು. ಹೇಳಿದರೆ ಈ ಗುರುವಾರಗಳು ಇಂದಿಗೇ ಮುಗಿದವು. ಹೇಳದಿದ್ದರೆ ಇನ್ನೊಂದು ಪೂರ್ತಿ ವರ್ಷ.

"ನಾನು ಒಂದ್ ತೊಟ್ಟು ಕರ್ದಿಲ್ಲ," ಎಂದಳು.

ಅದು ನಿಜವಾಗಿತ್ತು. ಬಿಂದುಶ್ರೀ ನಂಬಿದಳು.

ಅಂದು ಸಂಜೆ ಲೋಕಮ್ಮ ಮರಿಗಳ ಹೊಟ್ಟೆ ಮುಟ್ಟಿ ನೋಡಲಿಲ್ಲ. ಅವಳ ಯೋಚನೆ ಸರಳವಾಗಿತ್ತು: ಇನ್ನು ಹಾಲು ಹಂಚದಿದ್ದರೆ ತೂಕಗಳು ತಾವಾಗಿಯೇ ಸರಿಹೋಗುತ್ತವೆ, ಹುಡುಗಿಯ ಓದಿಗೆ ತೊಂದರೆಯಿಲ್ಲ, ಹೇಳಬೇಕಾದ್ದೂ ಇಲ್ಲ. ಹಳದಿ ಮರಿಗಳನ್ನು ಹಳದಿ ತಾಯಿಯ ಜೊತೆ ಬಿಟ್ಟಳು, ನೀಲಿಯವನ್ನು ನೀಲಿಯ ಜೊತೆ. ಬುಟ್ಟಿಗೆ ಹಾಕುವಾಗ ಕೈಗೆ ಸಡಿಲ ಹೊಟ್ಟೆ ತಗುಲಿದರೂ ತಗುಲದಂತೆ ಇದ್ದಳು. ಎರಡು ತಿಂಗಳು ದಾಟಿದ ಮರಿಗಳು. ಹುಲ್ಲಿಗೂ ಬಾಯಿ ಹಾಕುತ್ತವೆ, ಸಾಯುವುದಿಲ್ಲ. ಇದನ್ನು ತನಗೆ ತಾನೇ ಬಹಳ ಸಲ ಹೇಳಿಕೊಳ್ಳಬೇಕಾಯಿತು.

ಮರಿಗಳು ಅರಚಿದವು. ಒಂದು ಹಳದಿ ಮರಿ, ಕುಂಟಿ ಕುರಿಯದು, ಎಲ್ಲಕ್ಕಿಂತ ಹೆಚ್ಚು ಅರಚಿತು. ಕುಂಟಿಗೆ ಮೊದಲಿಂದಲೂ ಒಂದು ಮೊಲೆ ಕೆಟ್ಟಿತ್ತು. ಆ ಮರಿ ಅಷ್ಟು ದಿನ ಬೆಳೆದದ್ದೇ ಬೋಳಿಯ ಹಾಲಿನಲ್ಲಿ. ಈಗ ಅದು ತಾನಾಗಿಯೇ ಬೋಳಿಯ ಹಿಂದೆ ಹೋಗುವುದು, ಬೋಳಿ ತಲೆಯಿಂದ ಗುದ್ದಿ ಓಡಿಸುವುದು. ಕಾಲು ಹಿಡಿಯುವವರಿಲ್ಲದೆ ಯಾವ ಕುರಿಯೂ ಪರರ ಮರಿಯನ್ನು ಸೇರಿಸುವುದಿಲ್ಲ. ಮರಿ ಲೋಕಮ್ಮನ ಹತ್ತಿರ ಬಂದು ಸೀರೆಯ ಅಂಚನ್ನು ಚೀಪಿತು. ಅವಳು ಅದನ್ನು ಬಿಡಿಸಿ ದೂರ ಇಟ್ಟಳು. ಹದಿನಾಲ್ಕು ಸಂಜೆ ಹೀಗೆ ನಡೆಯಿತು. ಲೋಕಮ್ಮ ಗಟ್ಟಿ ಹೆಂಗಸು. ಮಾಡಬೇಕೆಂದುಕೊಂಡದ್ದನ್ನು ಮಾಡಿ ಮುಗಿಸಿದಳು.

ಆರನೆಯ ತೂಕಕ್ಕೆ ಜನವರಿಯ ಗುರುವಾರ ಜೀಪು ಬಂತು. ಅದೇ ಆ ವರ್ಷದ ಕೊನೆಯ ತೂಕ. ಅರ್ಧ ಮರಿಗಳನ್ನು ತೂಗುವ ಹೊತ್ತಿಗೆ ಬಿಂದುಶ್ರೀಯ ದನಿ ಬದಲಾಯಿತು.

"ಮಹಾಂತೇಶ್, ಇದನ್ನ ಇನ್ನೊಂದ್ಸಲ ತೂಗಿ. ಲೋಕಮ್ಮ, ನೀಲಿ ಮರಿಗಳು ಹದಿನೈದು ದಿನದಲ್ಲಿ ಏರಿಬಿಟ್ಟಿವೆ! ಇಷ್ಟು ದಿನ ಇಲ್ಲದ್ದು ಈಗ ಹೇಗೆ? ಏನ್ ಬದಲಾಯ್ತು ಇಲ್ಲಿ?"

"ಏನಿಲ್ಲ," ಎಂದಳು ಲೋಕಮ್ಮ.

"ಮೇವು?"

"ಅದೇ ಮೇವು."

ಹುಡುಗಿಯ ಮುಖ ಅರಳಿತ್ತು. ಐದು ತಿಂಗಳಲ್ಲಿ ಮೊದಲ ಸಲ ಅವಳು ನಗುವುದನ್ನು ಲೋಕಮ್ಮ ನೋಡಿದಳು. "ಮುಂದಿನ ವರ್ಷ ಇಲ್ಲಿ ಮಾಡ್ಲೇಬೇಕು ಕಣ್ರೀ. ವಾರಕ್ಕೊಂದ್ಸಲ ಬರಬೇಕಾಗುತ್ತೆ," ಎಂದಳು.

ವಾರಕ್ಕೊಮ್ಮೆ. ಲೋಕಮ್ಮ ಮುಂದಿನ ಮರಿಯನ್ನು ಎತ್ತಿ ಜೋಲಿಗೆ ಹಾಕಿದಳು. ಅದು ಕುಂಟಿಯ ಮರಿ. ಮಹಾಂತೇಶ ತಕ್ಕಡಿ ನೋಡಿದ.

"ಎಂಟೂ ಮುನ್ನೂರು."

ಬಿಂದುಶ್ರೀ ಹಿಂದಿನ ಹಾಳೆ ತಿರುವಿದಳು. "ಹೋದ ಸಲ ಒಂಬತ್ತೂ ಇನ್ನೂರು ಇತ್ತಲ್ಲ. ಇಳಿದಿದೆ. ಕಾಯಿಲೆ ಇರಬೇಕು. ನಮೂದು ಮಾಡ್ತೀನಿ."

"ಕಾಯ್ಲೆ ಅಲ್ಲ," ಎಂದಳು ಲೋಕಮ್ಮ.

ಮರಿ ಜೋಲಿಯಲ್ಲಿ ತೂಗುತ್ತಿತ್ತು. ಅದರ ಪಕ್ಕೆಲುಬುಗಳು ಬಟ್ಟೆಯ ಮೇಲೆ ಮೂಡಿದ್ದವು. ಮೂವತ್ತು ವರ್ಷದಲ್ಲಿ ಅವಳ ಕೈಯಲ್ಲಿ ಮರಿಗಳು ಸತ್ತಿದ್ದವು. ರೋಗಕ್ಕೆ, ಚಳಿಗೆ, ತೋಳಕ್ಕೆ. ಹಾಲಿದ್ದೂ ಹಸಿದ ಮರಿ ಇದೊಂದೇ.

"ಕಾಯ್ಲೆ ಅಲ್ಲವ್ವ. ಹೊಟ್ಟೆಗಿಲ್ಲ ಅದಕ್ಕೆ. ನಾನು ಕುಡ್ಸೋದು ನಿಲ್ಲಿಸ್ದೆ."

"ಕುಡಿಸೋದು ಅಂದ್ರೆ?"

ಲೋಕಮ್ಮ ಮರಿಯನ್ನು ಜೋಲಿಯಿಂದ ತೆಗೆದು ಬೋಳಿಯ ಹತ್ತಿರ ಹೋದಳು. ಹಿಂಗಾಲನ್ನು ಮೊಣಕಾಲಿಗೆ ಸಿಕ್ಕಿಸಿ, ಮರಿಯನ್ನು ಹಚ್ಚಿದಳು. ನೀಲಿ ಓಲೆಯ ಕುರಿ, ಹಳದಿ ಕುರಿಯ ಮರಿ. ಮರಿ ಉಸಿರು ಬಿಡದೆ ಕುಡಿಯಿತು. ಬಿಂದುಶ್ರೀ ಎದ್ದು ನಿಂತು ನೋಡಿದಳು. ಅವಳು ಜಾಣೆ, ಎರಡನೆಯ ಪ್ರಶ್ನೆ ಬೇಕಾಗಲಿಲ್ಲ. ಅವಳ ಮುಖದಲ್ಲಿದ್ದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವತ್ತಿನಿಂದ?"

"ಈದ ದಿನದಿಂದ. ನಮ್ಮಲ್ಲಿ ಹಂಗೇಯ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಇದು ಹೇಳೋ ಅಂಥದ್ದು ಅಂತ ನಂಗ್ ಗೊತ್ತಿರ್ಲಿಲ್ಲ."

"ಹೋದ ಸಲ ಕೇಳಿದೆನಲ್ಲ. ಹಾಲು ಎಲ್ಲಿಗೆ ಹೋಯ್ತು ಅಂತ ಕೇಳಿದೆ."

ಲೋಕಮ್ಮ ಕುರಿಯ ಕಾಲು ಬಿಟ್ಟಳು. "ಹೇಳಿದ್ರೆ ಇನ್ ಬರಲ್ಲ ಅಂದ್ರಿ," ಎಂದಳು.

ಮಹಾಂತೇಶ ತಕ್ಕಡಿಯ ಕೊಕ್ಕೆಯನ್ನು ಸರಿಮಾಡುವವನಂತೆ ಆ ಕಡೆ ತಿರುಗಿದ. ಕುರಿಯ ಬಗ್ಗೆ ಏನು ಬೇಕಾದರೂ ಕೇಳಬಲ್ಲ ಬಿಂದುಶ್ರೀಗೆ ಈ ಉತ್ತರವನ್ನು ಯಾವ ಅಂಕಣದಲ್ಲಿ ಬರೆಯುವುದೋ ಗೊತ್ತಾಗಲಿಲ್ಲ. ಕನ್ನಡಕ ತೆಗೆದು ಒರೆಸಿದಳು. ಆಮೇಲೆ ಕಂಬಳಿಯ ಮೇಲೆ ಕುಳಿತು ಹೊಸ ಹಾಳೆ ತೆಗೆದಳು.

"ಎಲ್ಲ ಹೇಳ್ರಿ. ಯಾವ ಮರಿ, ಯಾವ ಕುರಿ ಹಾಲು, ಎಷ್ಟು ದಿನ."

ಲೋಕಮ್ಮ ಹೇಳಿದಳು. ಮುರುಕಿವಿಯ ಮರಿ ಮೊದಲ ವಾರ ಕರಿಮೂತಿಯಲ್ಲಿ, ಆಮೇಲೆ ಬೋಳಿಯಲ್ಲಿ. ಜೋಡಿಚುಕ್ಕೆಯ ಮರಿ ದೀಪಾವಳಿಯ ತನಕ ದಿನಾ, ಆಮೇಲೆ ದಿನ ಬಿಟ್ಟು ದಿನ. ಬೆನ್ನಮಚ್ಚೆಯದು ತಾಯಿಯಲ್ಲೇ, ಒಂದು ಮಳೆಯ ಸಂಜೆ ಮಾತ್ರ ಬೇರೆ ಕುರಿಯಲ್ಲಿ. ಒಂದೂ ತಪ್ಪದೆ, ಒಂದೂ ಮರೆಯದೆ. ಮಂದೆಯನ್ನು ಮೇಯಲು ಬಿಡುವ ಹೊತ್ತು ಮೀರಿತು, ರೊಟ್ಟಿ ಬುತ್ತಿಯಲ್ಲೇ ಉಳಿಯಿತು. ಬಿಂದುಶ್ರೀ ಹನ್ನೊಂದು ಹಾಳೆ ತುಂಬಿಸಿದಳು. ನಡುವೆ ಒಮ್ಮೆ ಮಾತ್ರ ಬರೆಯುವುದನ್ನು ನಿಲ್ಲಿಸಿ, "ಇಷ್ಟು ನನಗೆ ನೆನಪಿರ್ತಿರಲಿಲ್ಲ," ಎಂದಳು. ಬಿಸಿಲು ಇಳಿದ ಮೇಲೆ ಎದ್ದಳು.

"ಈ ಮಂದೆ ಬಿಡಬೇಕಾಗುತ್ತೆ, ಲೋಕಮ್ಮ. ನಾನೇನೂ ಮಾಡೋ ಹಂಗಿಲ್ಲ."

"ಬಿಡ್ರಿ," ಎಂದಳು ಲೋಕಮ್ಮ. "ನಾನ್ ಮಾಡಿದ್ದು."

ಬಿಂದುಶ್ರೀ ಜೀಪಿನ ಹತ್ತಿರ ಹೋಗಿ ಮತ್ತೆ ತಿರುಗಿ ಬಂದಳು. "ನೀವು ಹೇಳದೇ ಇದ್ದಿದ್ರೆ ನಾನು ಸುಳ್ಳನ್ನೇ ಬರೀತಿದ್ದೆ. ಹೇಳಿದ್ದು ಒಳ್ಳೇದಾಯ್ತು," ಎಂದಳು. ಇದಕ್ಕಿಂತ ಹೆಚ್ಚು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಹೋಗಿ ಜೀಪು ಹತ್ತಿದಳು.

ಮಾರ್ಚಿನಲ್ಲಿ ಮಹಾಂತೇಶನೊಬ್ಬನೇ ಬೈಕಿನಲ್ಲಿ ಬಂದು ಕುರಿಗಳ ಕಿವಿಯ ಬಿಲ್ಲೆಗಳನ್ನು ಕತ್ತರಿಸಿ ತೆಗೆದ. ಮುಂದಿನ ವರ್ಷದ ಕೆಲಸ ಸೊರಬದ ಕಡೆಗೇ ಎಂದ. ಹುಲಿಯಪ್ಪನ ಮಂದೆ, ಅದರ ಪಕ್ಕದ ಇನ್ನೊಂದು. ಮೇಡಂ ಈಗ ಯಾವ ಹೊಸ ಮಂದೆಗೆ ಹೋದರೂ ಮೊದಲು ಕೇಳುವ ಪ್ರಶ್ನೆ "ಸಂಜೆ ಮರಿಗೆ ಹೇಗೆ ಕುಡಿಸ್ತೀರಿ" ಎಂಬುದೇ ಎಂದು ನಗುತ್ತ ಹೇಳಿದ. ಲೋಕಮ್ಮ ಅವನಿಗೆ ಹಾಲು ಹಾಕಿದ ಚಹಾ ಕೊಟ್ಟಳು. ಅವನು ನಿಂತೇ ಕುಡಿದು ಹೋದ.

ಬಿಂದುಶ್ರೀಯ ಪ್ರಬಂಧದಲ್ಲಿ ತಾಳಗುಂದದ ಮಂದೆಯ ಬಗ್ಗೆ ಒಂದೇ ಸಾಲು ಉಳಿಯಿತು: ಪಾಲಕರು ಮರಿಗಳ ನಡುವೆ ಹಾಲನ್ನು ಹಂಚುವ ಪದ್ಧತಿ ಇದ್ದುದರಿಂದ ಈ ಮಂದೆಯನ್ನು ಕೈಬಿಡಲಾಗಿದೆ. ಪಾಲಕರ ಹೆಸರನ್ನು ಬರೆಯುವ ಪದ್ಧತಿ ಅಂಥ ಪ್ರಬಂಧಗಳಲ್ಲಿ ಇಲ್ಲ. ಬಿಂದುಶ್ರೀಗೆ ಪದವಿ ಬಂತು, ದೂರದ ಜಿಲ್ಲೆಯಲ್ಲಿ ಕೆಲಸವಾಯಿತು.

ಲಸಿಕೆಯ ಶಕ್ತಿ ಆ ಸೂಲಿಗೇ ಮುಗಿದಿತ್ತು. ಮರುವರ್ಷ ಕುರಿಗಳು ಎಂದಿನಷ್ಟೇ ಹಾಲು ಕೊಟ್ಟವು, ಮರಿಗಳು ಎಂದಿನಂತೆ ಬೆಳೆದವು. ಕುಂಟಿಯ ಮರಿ ಬದುಕಿತು. ಆದರೆ ಜೊತೆಯವುಗಳ ಎತ್ತರ ಬರಲಿಲ್ಲ.

ತೂಕದ ದಿನಗಳಲ್ಲಿ ಮಂದೆಯನ್ನು ತೂಕ ಮುಗಿಯುವವರೆಗೆ ಹಟ್ಟಿಯಲ್ಲೇ ತಡೆದಿಡಬೇಕಾಗುತ್ತಿತ್ತು. ಮರುವರ್ಷದ ನವೆಂಬರಿನಲ್ಲಿ ಒಂದು ಗುರುವಾರ, ಬಿಸಿಲು ಏರಿ ಬೆನ್ನು ಸುಡತೊಡಗಿದ ಮೇಲೆ, ತಾನು ಇನ್ನೂ ಕುರಿ ಬಿಟ್ಟಿಲ್ಲವೆಂದು ಲೋಕಮ್ಮನಿಗೆ ಗೊತ್ತಾಯಿತು. ಬೇಲಿಯ ಹತ್ತಿರ ಸುಮ್ಮನೆ ನಿಂತಿದ್ದಳು. ಒಳಗೆ ನಲವತ್ತು ಕುರಿಗಳೂ ಹಾಗೆಯೇ ಅವಳ ಕಡೆ ಮುಖ ಮಾಡಿ ನಿಂತಿದ್ದವು. ಅವಳು ಮುಳ್ಳಿನ ಬಾಗಿಲನ್ನು ಎಳೆದಳು. ಕುರಿಗಳು ಒಂದರ ಹಿಂದೆ ಒಂದು ಹೊರಗೆ ಬಂದವು. ಅವುಗಳ ಹಿಂದೆ ಅವಳೂ ಕೆರೆಯಂಗಳಕ್ಕೆ ಇಳಿದಳು.